ಸ್ಟೀರಾಯ್ಡ್ ಬಿಟ್ಟರೂ ಮೊಡವೆ ಬಿಡುತ್ತಿಲ್ಲವೇ? ಹೆಣ್ಣುಮಕ್ಕಳು ಎಲ್ಲಿಂದ ಶುರು ಮಾಡಬೇಕು

“ನಿಲ್ಲಿಸಿ ಐದು ತಿಂಗಳಾಯ್ತು. ಮೊಡವೆ ಮಾತ್ರ ನಿಲ್ತಾ ಇಲ್ಲ. ಯಾವ ಕ್ರೀಮ್ ಹಚ್ಚಲಿ?”

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಫಿಟ್‌ನೆಸ್ ಸ್ಪರ್ಧೆಗೆ ತಯಾರಾದವರಿದ್ದಾರೆ. ಮದುವೆಗೆ ಮುಂಚೆ ಬೇಗ ಮೈ ಇಳಿಸಲು ಹೋದವರಿದ್ದಾರೆ. ಟ್ರೇನರ್ ಕೊಟ್ಟ ಮಾತ್ರೆಯನ್ನು ವಿಟಮಿನ್ ಅಂದುಕೊಂಡು ನುಂಗಿದವರೂ ಇದ್ದಾರೆ. ನಾನು ಬೆಂಗಳೂರಿನಲ್ಲಿ ಮೆಡಿಕಲ್ ಶಾಪ್ ನೋಡಿಕೊಳ್ಳುವ ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಔಷಧಿ ಬರೆದುಕೊಡುವುದು ನನ್ನ ಕೆಲಸವಲ್ಲ. ಆದರೆ ಬರೆದುಕೊಟ್ಟ ಔಷಧಿ ಯಾಕೆ ಹತ್ತಲಿಲ್ಲ ಅನ್ನೋದು ಕೌಂಟರಿನ ಈ ಕಡೆ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಎಷ್ಟೋ ಸಲ ಕಾರಣ ಒಂದೇ ಇರುತ್ತದೆ: ಸ್ಟೀರಾಯ್ಡ್ ತಗೊಂಡಿದ್ದೆ ಅನ್ನೋ ಮಾತನ್ನು ಡಾಕ್ಟರಿಗೆ ಹೇಳಿರುವುದೇ ಇಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸೋಣ

ನಮ್ಮಲ್ಲಿ ‘ಸ್ಟೀರಾಯ್ಡ್’ ಅನ್ನೋ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಔಷಧಿಗಳು ಅಡಗಿವೆ.

ಒಂದು, ಜಿಮ್ಮಿನ ಸ್ಟೀರಾಯ್ಡ್. ಇದರ ಪೂರ್ತಿ ಹೆಸರು ಅನಬಾಲಿಕ್ ಸ್ಟೀರಾಯ್ಡ್. ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಮತ್ತು ಅದನ್ನೇ ಹೋಲುವಂತೆ ಮಾಡಿದ ಔಷಧಿಗಳು ಇವು. ಆಕ್ಸಾಂಡ್ರೊಲೋನ್, ಸ್ಟಾನೊಜೊಲಾಲ್, ನ್ಯಾಂಡ್ರೊಲೋನ್, ಮೆಥಾಂಡಿಯೆನೋನ್ ಎಲ್ಲ ಈ ಗುಂಪಿನವು. ಜಿಮ್ಮಿನ ಭಾಷೆಯಲ್ಲಿ ಅನವಾರ್, ವಿನ್‌ಸ್ಟ್ರಾಲ್, ಡೆಕಾ, ಡಯಾನಬಾಲ್. ಹುಡುಗಿಯರಿಗೆ ಜಾಸ್ತಿ ಕೊಡುವುದು ಅನವಾರ್. “ಇದು ಲೇಡೀಸ್ ಸ್ಟೀರಾಯ್ಡ್, ಏನೂ ಆಗಲ್ಲ” ಅಂತ ಹೇಳಿಯೇ ಕೊಡುತ್ತಾರೆ. ಲೇಡೀಸ್ ಸ್ಟೀರಾಯ್ಡ್ ಅನ್ನೋ ವಸ್ತು ಎಲ್ಲೂ ಇಲ್ಲ. ಆಕ್ಸಾಂಡ್ರೊಲೋನ್‌ಗೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2023ರಲ್ಲಿ ವಾಪಸ್ ತಗೊಂಡಿದೆ.

ಇನ್ನೊಂದು, ಉರಿ, ಊತ, ಅಲರ್ಜಿ ಇಳಿಸುವ ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ಮಾತ್ರೆ, ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಸಾಲ್ ಮುಲಾಮುಗಳು ಈ ಜಾತಿ. ಮೈಕಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಮೊದಲನೆಯದರಿಂದ ಮೊಡವೆ ಬರಿಸಿಕೊಂಡವರು ಅದನ್ನು ಮುಚ್ಚಲು ಎರಡನೆಯದನ್ನು ಹಚ್ಚುತ್ತಾರೆ. ‘ಫೇರ್‌ನೆಸ್’ ಅಂತ ಪಕ್ಕದ ಮನೆಯವರು ಹೇಳಿದ ಟ್ಯೂಬಿನಲ್ಲಿ ಇರುವುದು ಎಷ್ಟೋ ಸಲ ಇದೇ. ಎರಡು ವಾರ ಮುಖ ನುಣುಪಾಗಿ ಹೊಳೆಯುತ್ತದೆ. ಬಿಟ್ಟ ತಕ್ಷಣ ಕೆಂಪಾಗಿ ಉರಿದು ಮೊದಲಿಗಿಂತ ಜಾಸ್ತಿ ಗುಳ್ಳೆ ಏಳುತ್ತದೆ. ಹೆದರಿ ಮತ್ತೆ ಹಚ್ಚುತ್ತಾರೆ. ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣತೊಡಗುತ್ತವೆ. ಇಂಥ 14 ಬಗೆಯ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ಆದರೂ ಎಲ್ಲ ಅಂಗಡಿಯಲ್ಲೂ ಚೀಟಿ ಕೇಳುತ್ತಾರೆ ಅಂತ ಹೇಳಿದರೆ ನನ್ನ ವೃತ್ತಿಯ ಬಗ್ಗೆ ನಾನೇ ಸುಳ್ಳು ಹೇಳಿದ ಹಾಗೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಹೆಸರುಗಳನ್ನು ನೀವೇ ಓದಿಕೊಳ್ಳಿ.

ಈ ಲೇಖನ ಮೊದಲನೆಯ ಸ್ಟೀರಾಯ್ಡಿನಿಂದ ಬಂದ ಮೊಡವೆಯದು.

ಮೊಡವೆ ಯಾಕೆ ಇಷ್ಟು ಹಟ ಮಾಡುತ್ತದೆ?

ಚರ್ಮದ ಪ್ರತಿ ರಂಧ್ರದ ಪಕ್ಕ ಒಂದು ಪುಟ್ಟ ಎಣ್ಣೆ ಗ್ರಂಥಿ ಇರುತ್ತದೆ. ಗಂಡು ಹಾರ್ಮೋನ್ ತಾಗಿದರೆ ಅದು ದಪ್ಪವಾಗುತ್ತದೆ, ಎಣ್ಣೆ ಜಾಸ್ತಿ ಸುರಿಸುತ್ತದೆ. ಸತ್ತ ಚರ್ಮ ಸೇರಿ ರಂಧ್ರ ಕಟ್ಟಿಕೊಳ್ಳುತ್ತದೆ. ಅಲ್ಲೇ ಇರುವ ಬ್ಯಾಕ್ಟೀರಿಯಾಗೆ ಅದು ಹಬ್ಬದೂಟ. ಊತ, ಕೀವು, ಗಂಟು ಆಮೇಲೆ ಬರುವವು.

ಹೆಣ್ಣಿನ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಸಾಮಾನ್ಯವಾಗಿ ಡೆಸಿಲೀಟರಿಗೆ 15ರಿಂದ 70 ನ್ಯಾನೊಗ್ರಾಂ ಇರುತ್ತದೆ. ಗಂಡಸರಲ್ಲಿ 300ರಿಂದ 1000. ಗಂಡಸಿಗೆ ಸಣ್ಣದು ಅನ್ನಿಸುವ ಡೋಸ್ ನಿಮ್ಮ ಮೈಗೆ ಪ್ರವಾಹ. ಮೈಯಿಂದ ಔಷಧಿ ಹೊರಟುಹೋದರೂ ದಪ್ಪಗಾದ ಗ್ರಂಥಿ ಒಂದೇ ದಿನಕ್ಕೆ ಸಣ್ಣದಾಗುವುದಿಲ್ಲ. ಆಳದಲ್ಲಿ ಮೊದಲೇ ಕಟ್ಟಿಕೊಂಡ ಗಂಟುಗಳು ವಾರಗಳ ನಂತರ ಮೇಲೆ ಬರುತ್ತಲೇ ಇರುತ್ತವೆ. ಹಾಗಾಗಿ ನಿಲ್ಲಿಸಿದ ಮೊದಲ ಎರಡು ಮೂರು ತಿಂಗಳು ಮೊಡವೆ ಇದ್ದರೆ ಅದು ಆಶ್ಚರ್ಯವಲ್ಲ. ಅದಾದ ಮೇಲೂ ಕಡಿಮೆ ಆಗದಿದ್ದರೆ ಮಾತ್ರ ಬೇರೆ ಏನೋ ಇದೆ ಅಂತ ಹುಡುಕಬೇಕು. ಚಿಕಿತ್ಸೆಗೆ ಮಾತ್ರ ಅಷ್ಟು ದಿನ ಕಾಯಬೇಡಿ. ನೋವಿನ ಗಂಟುಗಳಿದ್ದರೆ ಇವತ್ತೇ ಹೋಗಿ, ಯಾಕೆಂದರೆ ಗುಂಡಿ ಬಿದ್ದರೆ ತುಂಬಿಸುವುದು ಕಷ್ಟ.

1. ನಿಜವಾಗಿ ನಿಲ್ಲಿಸಿದ್ದೀರಾ, ನೋಡಿಕೊಳ್ಳಿ

ಸುಮ್ನೆ ಕೇಳುತ್ತಿಲ್ಲ. ಮಾತ್ರೆಗಳು ಕೆಲವು ದಿನಗಳಲ್ಲಿ ಮೈಯಿಂದ ಹೋಗುತ್ತವೆ. ಎಣ್ಣೆಯಲ್ಲಿ ಕಲಸಿದ ಇಂಜೆಕ್ಷನ್‌ಗಳು ಹಾಗಲ್ಲ. ಡೆಕಾ, ಅಂದರೆ ನ್ಯಾಂಡ್ರೊಲೋನ್ ಡೆಕನೊಯೇಟ್, ಮಾಂಸದೊಳಗೆ ಕೂತು ವಾರಗಟ್ಟಲೆ ನಿಧಾನಕ್ಕೆ ಇಳಿಯುತ್ತಿರುತ್ತದೆ. ಕೊನೆಯ ಇಂಜೆಕ್ಷನ್ ದಿನ ಬೇರೆ, ಔಷಧಿ ಮೈ ಬಿಟ್ಟ ದಿನ ಬೇರೆ.

ಈಗ ಅಡುಗೆಮನೆ ಶೆಲ್ಫಿನ ಡಬ್ಬಿಗಳನ್ನೆಲ್ಲ ಇಳಿಸಿ. ಪ್ರೀ-ವರ್ಕೌಟ್, ‘ಫ್ಯಾಟ್ ಬರ್ನರ್’, ‘ಟೆಸ್ಟ್ ಬೂಸ್ಟರ್’, ಡಿಎಚ್‌ಇಎ (ಮೈಯೊಳಗೆ ಗಂಡು ಹಾರ್ಮೋನ್ ಆಗಿ ಬದಲಾಗುವ ಸಪ್ಲಿಮೆಂಟ್), ‘ಸಾರ್ಮ್ಸ್’. ಕೊನೆಯದು ಸ್ಟೀರಾಯ್ಡ್ ಅಲ್ಲ ಅಂತ ಹೇಳಿ ಮಾರುವ, ಆದರೆ ಗಂಡು ಹಾರ್ಮೋನ್ ಕೂರುವ ಜಾಗದಲ್ಲೇ ಹೋಗಿ ಕೂರುವ ಔಷಧಿ. ಲೇಬಲ್ ಇಲ್ಲದ ಮಾತ್ರೆ ಇದ್ದರೆ ಎಸೆಯಬೇಡಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ. ಹೆಚ್ಚು ಡೋಸಿನ ಬಿ12 ಇಂಜೆಕ್ಷನ್ ಕೂಡ ಕೆಲವರಿಗೆ ಮೊಡವೆ ಏಳಿಸುತ್ತದೆ. ವೇ ಪ್ರೋಟೀನ್ ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ ಜಾಸ್ತಿ ಮಾಡುತ್ತದೆ. ಒಂದೆರಡು ತಿಂಗಳು ಅದನ್ನು ಬಿಟ್ಟು ಮೊಟ್ಟೆ, ಬೇಳೆ, ಸೋಯಾಗೆ ಹೋಗಿ ನೋಡುವುದರಲ್ಲಿ ನಷ್ಟವೇನೂ ಇಲ್ಲ, ಅಲ್ವಾ?

ಇಲ್ಲಿ ಮೂರು ಎಚ್ಚರಿಕೆ ಇವೆ. ಗಂಡಸರು ‘ಸೈಕಲ್’, ಅಂದರೆ ಕೆಲವು ವಾರಗಳ ಸ್ಟೀರಾಯ್ಡ್ ಸುತ್ತು, ಮುಗಿದ ಮೇಲೆ ಮಾಡುವ ‘ಪಿಸಿಟಿ’ ಅನ್ನೋ ಮಾತ್ರೆ ಕೋರ್ಸನ್ನು ನೀವು ಮಾಡಬೇಡಿ. ಅದು ವೃಷಣಗಳನ್ನು ಎಬ್ಬಿಸಲು ಮಾಡಿದ ಲೆಕ್ಕಾಚಾರ. ಗಂಡಸರ ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನೂ ಸ್ವಂತವಾಗಿ ತಗೋಬೇಡಿ. ಅನವಾರ್, ವಿನ್‌ಸ್ಟ್ರಾಲ್ ತಗೊಂಡವರಿಗೆ ಅದು ತಡೆಯುವ ದಾರಿಯೇ ಬೇರೆ, ಪ್ರಯೋಜನವಿಲ್ಲ. ಮೇಲಾಗಿ ಗರ್ಭದಲ್ಲಿ ಗಂಡುಮಗು ಇದ್ದರೆ ಅಪಾಯ. ಮೂರನೆಯದು, ಆಸ್ತಮಾ, ಕೀಲುನೋವು ಅಥವಾ ಬೇರೆ ಕಾಯಿಲೆಗೆ ಡಾಕ್ಟರ್ ಬರೆದುಕೊಟ್ಟ ಪ್ರೆಡ್ನಿಸೊಲೋನ್ ತಗೊಳ್ಳುತ್ತಿದ್ದರೆ ಅದನ್ನು ಈ ಲೇಖನ ಓದಿ ನಿಲ್ಲಿಸಬೇಡಿ. ಅದನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು.

ಜಿಮ್ಮಿನ ಸ್ಟೀರಾಯ್ಡ್ ಬಿಟ್ಟ ಮೇಲೆ ಮನಸ್ಸು ಕುಸಿಯುವುದೂ ಉಂಟು. ನಿದ್ದೆ ಇಲ್ಲ, ಯಾವುದರಲ್ಲೂ ಆಸೆ ಇಲ್ಲ, ಕನ್ನಡಿ ಕಂಡರೆ ಅಳು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಬಿಡಲು ಆಗುತ್ತಲೇ ಇಲ್ಲ ಅನ್ನುವವರಿಗೆ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗವಿದೆ.

2. ಅದು ಮೊಡವೆಯೇ ಹೌದಾ?

ಎದೆ, ಬೆನ್ನು, ಹೆಗಲಿನಲ್ಲಿ ಎಲ್ಲ ಒಂದೇ ಸೈಜಿನ ಸಣ್ಣ ಸಣ್ಣ ಗುಳ್ಳೆ ಎದ್ದು, ಬೆವರಿದಾಗ ತುಂಬ ಕೆರೆತ ಬರುತ್ತಿದ್ದರೆ ಅದು ರೋಮದ ಬುಡಕ್ಕೆ ತಗುಲಿದ ಫಂಗಸ್ ಇರಬಹುದು. ನೋಡಲು ಮೊಡವೆಯ ಹಾಗೇ. ಆದರೆ ಮೊಡವೆಗೆ ಕೊಡುವ ಆಂಟಿಬಯಾಟಿಕ್ ತಗೊಂಡರೆ ಜಾಸ್ತಿಯಾಗುತ್ತದೆ. ಬ್ಲ್ಯಾಕ್‌ಹೆಡ್ ಇಲ್ಲದಿರುವುದು ಮತ್ತು ಕೆರೆತ, ಈ ಎರಡು ಸುಳಿವು ನೆನಪಿರಲಿ. ಡಾಕ್ಟರ್ ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತದೆ.

ಹಾರ್ಮೋನಿನ ಮೊಡವೆ ಹೆಚ್ಚಾಗಿ ಗದ್ದ, ದವಡೆ, ಕತ್ತಿನ ಕಡೆ ಆಳವಾದ ನೋವಿನ ಗಂಟುಗಳಾಗಿ ಬರುತ್ತದೆ. ಸ್ಟೀರಾಯ್ಡ್ ತಗೊಂಡವರಿಗೆ ಬೆನ್ನು, ಹೆಗಲಿಗೂ ಹರಡುತ್ತದೆ.

ಇನ್ನೊಂದು ಸಾಧ್ಯತೆ ಪಿಸಿಓಎಸ್. ಅಂಡಾಶಯದಿಂದಲೇ ಗಂಡು ಹಾರ್ಮೋನ್ ಜಾಸ್ತಿ ಬರುವ, ಮುಟ್ಟು ತಪ್ಪುವ ತೊಂದರೆ ಇದು. ಮೊದಲೇ ಇದ್ದದ್ದು ಸ್ಟೀರಾಯ್ಡ್ ದಿನಗಳಲ್ಲಿ ಮುಚ್ಚಿಹೋಗಿ ಈಗ ಹೊರಗೆ ಬಂದಿರಬಹುದು. “ಹೈಸ್ಕೂಲಿನಿಂದಲೇ ನನಗೆ ಪೀರಿಯಡ್ಸ್ ಸರಿ ಇರಲಿಲ್ಲ” ಅನ್ನುವವರು ಆ ಮಾತನ್ನು ಡಾಕ್ಟರ್ ಹತ್ತಿರ ತಪ್ಪದೆ ಹೇಳಿ. ಕಳೆದ ವರ್ಷದ ಅನವಾರ್ ಮೇಲೆಯೇ ಎಲ್ಲ ಗೂಬೆ ಕೂರಿಸಿದರೆ ಅಸಲಿ ಕಾರಣ ಉಳಿದುಬಿಡುತ್ತದೆ.

ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. ಒಮ್ಮೆಲೇ ಹುಣ್ಣಾಗಿ ರಕ್ತ ಸೋರುವ ಗಂಟುಗಳ ಜೊತೆ ಜ್ವರ, ಕೀಲುನೋವು ಬಂದರೆ ಅದು ಮೊಡವೆಯ ಅತಿ ಉಗ್ರ ರೂಪ; ಟೆಸ್ಟೋಸ್ಟಿರಾನ್ ತಗೊಂಡವರಲ್ಲಿ ಇದು ಕಂಡುಬಂದಿದೆ. ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣು ಹಳದಿಯಾಗಿ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಲಿವರ್ ಪೆಟ್ಟು ತಿಂದಿರಬಹುದು. ಔಷಧಿ ಬಿಟ್ಟು ಎಷ್ಟೋ ದಿನವಾದ ಮೇಲೂ ದನಿ ದಪ್ಪವಾಗುತ್ತಾ, ಗಡ್ಡದ ಕೂದಲು ವೇಗವಾಗಿ ಬೆಳೆಯುತ್ತಾ ಹೋದರೆ ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ ಇದೆಯಾ ಅಂತ ನೋಡಬೇಕಾಗುತ್ತದೆ. ಒಡೆದ ದನಿ ಎಷ್ಟೋ ಜನರಿಗೆ ಪೂರ್ತಿ ವಾಪಸ್ ಬರುವುದಿಲ್ಲ. ಕಹಿ ಮಾತು, ಆದರೆ ಯಾರಾದರೂ ಹೇಳಲೇಬೇಕು.

3. ಡಾಕ್ಟರ್ ಮುಂದೆ ಬಾಯಿ ಬಿಡಿ

ಯಾರ ಹತ್ತಿರ ಹೋಗಬೇಕು? ಮೊದಲು ಚರ್ಮದ ಡಾಕ್ಟರ್. ಬೋರ್ಡಿನಲ್ಲಿ ‘ಸ್ಕಿನ್ ಕ್ಲಿನಿಕ್’ ಅಂತ ಇದ್ದರೆ ಸಾಲದು. ಎಂಬಿಬಿಎಸ್ ಆದ ಮೇಲೆ ಚರ್ಮದ ವಿಷಯದಲ್ಲೇ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇದೆಯಾ ನೋಡಿ. ಲೇಸರ್ ಪ್ಯಾಕೇಜಿನ ದುಡ್ಡು ಮೊದಲು, ಪರೀಕ್ಷೆ ಆಮೇಲೆ ಅನ್ನುವ ಕಡೆಯಿಂದ ಎದ್ದು ಬನ್ನಿ.

ದುಡ್ಡು ಕಮ್ಮಿ ಇದ್ದರೆ ಶಿವಾಜಿನಗರದ ಬೌರಿಂಗ್, ಕೆ.ಆರ್. ಮಾರ್ಕೆಟ್ ಹತ್ತಿರದ ವಿಕ್ಟೋರಿಯಾ, ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗ ಇದೆ. ಸೇಂಟ್ ಜಾನ್ಸ್, ರಾಮಯ್ಯ, ಕಿಮ್ಸ್ ಥರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮ, ಹೆಣ್ಣುಮಕ್ಕಳ ವಿಭಾಗ ಎಲ್ಲ ಒಂದೇ ಆವರಣದಲ್ಲಿ ಸಿಗುತ್ತವೆ. ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಿ. ಎಷ್ಟೋ ಕಡೆ ಬೋರ್ಡಿನಲ್ಲಿ ‘ಚರ್ಮ ಮತ್ತು ಲೈಂಗಿಕ ರೋಗ ವಿಭಾಗ’ ಅಂತ ಇರುತ್ತದೆ. ಅದನ್ನು ನೋಡಿ ಹುಡುಗಿಯರು ಬಾಗಿಲಲ್ಲೇ ವಾಪಸ್ ಆಗಿದ್ದು ಗೊತ್ತು. ಎರಡೂ ಒಂದೇ ಡಾಕ್ಟರ್ ಓದುವ ವಿಷಯ, ಅಷ್ಟೇ.

ಒಳಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ತಗೊಂಡ ಔಷಧಿಯ ಹೆಸರು, ಮಾತ್ರೆಯೋ ಇಂಜೆಕ್ಷನ್ನೋ, ಎಷ್ಟು ಡೋಸ್, ಎಷ್ಟು ವಾರ, ಕೊನೆಯದು ಯಾವ ದಿನ. ಕೊನೆಯ ಮೂರು ಮುಟ್ಟಿನ ತಾರೀಖು. ಈವರೆಗೆ ಹಚ್ಚಿದ, ನುಂಗಿದ ಎಲ್ಲದರ ಹೆಸರು. ಮಗು ಮಾಡಿಕೊಳ್ಳುವ ಯೋಚನೆ ಇದೆಯಾ ಇಲ್ಲವಾ. ಮೊಡವೆ ಜೋರಿದ್ದ ದಿನಗಳ ಫೋಟೊ, ಡಬ್ಬಿಯ ಫೋಟೊ ಮೊಬೈಲಿನಲ್ಲಿ ಇರಲಿ.

ಅಮ್ಮನೋ ಅತ್ತೆಯೋ ಜೊತೆಗೆ ಬಂದಿದ್ದಾರೆ, ಅವರ ಮುಂದೆ ಹೇಳಲು ಆಗುವುದಿಲ್ಲ ಅನ್ನೋದು ಎಲ್ಲಕ್ಕಿಂತ ದೊಡ್ಡ ಅಡ್ಡಿ. “ಡಾಕ್ಟ್ರೇ, ಎರಡು ನಿಮಿಷ ಒಬ್ಬಳೇ ಮಾತಾಡಬೇಕು” ಅಂದರೆ ಸಾಕು. ಅದೂ ಆಗದಿದ್ದರೆ ಆ ಹಾಳೆಯನ್ನು ಮಡಚಿ ಕೈಗೆ ಕೊಡಿ. ರೋಗಿ ಹೇಳಿದ್ದನ್ನು ಮನೆಯವರಿಗೆ ಬಿಟ್ಟುಕೊಡಬಾರದು ಅನ್ನೋದು ಡಾಕ್ಟರ್ ವೃತ್ತಿಯ ನಿಯಮ.

ಸೂಜಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಂಡಿದ್ದರೆ, ಒಂದೇ ಸೀಸೆಯಿಂದ ಹಲವರು ಎಳೆದಿದ್ದರೆ ಅದನ್ನೂ ಹೇಳಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಬೇಕಾಗುತ್ತದೆ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಗುಟ್ಟಾಗಿಯೂ ಇಡುತ್ತಾರೆ.

4. ರಕ್ತಪರೀಕ್ಷೆ: ದುಡ್ಡು ಹಾಳಾಗದ ಹಾಗೆ

ಡಾಕ್ಟರ್ ಸಾಮಾನ್ಯವಾಗಿ ಬರೆಯುವುದು ಒಟ್ಟು ಟೆಸ್ಟೋಸ್ಟಿರಾನ್, ಡಿಎಚ್‌ಇಎಎಸ್, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಥೈರಾಯ್ಡ್, ಎಸ್‌ಎಚ್‌ಬಿಜಿ. ಕೊನೆಯದು ಹಾರ್ಮೋನನ್ನು ರಕ್ತದಲ್ಲಿ ಹಿಡಿದಿಟ್ಟುಕೊಳ್ಳುವ ಪ್ರೋಟೀನ್. ಸ್ಟೀರಾಯ್ಡ್ ತಗೊಂಡವರಲ್ಲಿ ಕುಸಿದಿರುತ್ತದೆ. ಜೊತೆಗೆ ಲಿವರ್ ಪರೀಕ್ಷೆ, ಕೊಲೆಸ್ಟರಾಲ್, ಸಕ್ಕರೆ, ಹಿಮೋಗ್ಲೋಬಿನ್. ಬಿಪಿ ನೋಡಿಸುವುದು ಮರೆಯಬೇಡಿ.

ಎಡವುವ ಜಾಗಗಳು ಇಲ್ಲಿ ಜಾಸ್ತಿ. ಟೆಸ್ಟೋಸ್ಟಿರಾನ್ ನಾರ್ಮಲ್ ಬಂತು, ಹಾಗಾದರೆ ಸ್ಟೀರಾಯ್ಡಿನಿಂದ ಅಲ್ಲ ಅಂದುಕೊಳ್ಳಬೇಡಿ. ಆಕ್ಸಾಂಡ್ರೊಲೋನ್ ಥರದ ಔಷಧಿಗಳು ಆ ಪರೀಕ್ಷೆಯಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಎಷ್ಟೋ ಹಾರ್ಮೋನ್ ವರದಿಗಳು ಏರುಪೇರಾಗುತ್ತವೆ, ಎರಡು ಮೂರು ದಿನ ಮುಂಚೆ ಬಿಡಿ. ಮುಟ್ಟು ಬರುತ್ತಿದ್ದರೆ ಎರಡರಿಂದ ಐದನೇ ದಿನದ ಒಳಗೆ, ಬೆಳಿಗ್ಗೆ ಹೊತ್ತು ರಕ್ತ ಕೊಡಿ. ಗರ್ಭನಿರೋಧಕ ಮಾತ್ರೆ ನಡೀತಾ ಇದ್ದರೆ ಲೆಕ್ಕವೇ ಬದಲಾಗುತ್ತದೆ, ಮೊದಲೇ ತಿಳಿಸಿ.

ಹಿಂದಿನ ದಿನ ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡಿ ಬೆಳಿಗ್ಗೆ ಲಿವರ್ ಪರೀಕ್ಷೆ ಕೊಟ್ಟರೆ ಎಸ್‌ಜಿಓಟಿ, ಎಸ್‌ಜಿಪಿಟಿ ಏರಿರುತ್ತವೆ. ಈ ಎನ್‌ಜೈಮ್‌ಗಳು ನಮ್ಮ ಮಾಂಸಖಂಡಗಳಿಂದಲೂ ಬರುತ್ತವೆ. ಕನಿಷ್ಠ ಒಂದು ವಾರ ಭಾರ ಎತ್ತುವುದನ್ನು ನಿಲ್ಲಿಸಿ ಆಮೇಲೆ ಕೊಡಿ.

ಮುಟ್ಟು ನಿಂತಿದೆ, ಹಾಗಾಗಿ ಗರ್ಭ ನಿಲ್ಲುವುದಿಲ್ಲ ಅನ್ನೋ ನಂಬಿಕೆ ಅಪಾಯದ್ದು. ಮುಟ್ಟು ವಾಪಸ್ ಬರುವ ಮೊದಲೇ ಅಂಡ ಬಿಡುಗಡೆಯಾಗಬಹುದು. ಮುಂದೆ ಹೇಳುವ ಔಷಧಿಗಳಲ್ಲಿ ಕೆಲವನ್ನು ಶುರು ಮಾಡುವ ಮುಂಚೆ ಗರ್ಭಪರೀಕ್ಷೆ ಕೇಳುವುದು ಇದಕ್ಕೇ. ಮದುವೆಯಾಗದ ಹುಡುಗಿಗೆ ಇದನ್ನು ಯಾಕೆ ಕೇಳಿದರು ಅಂತ ಕೋಪ ಮಾಡಿಕೊಳ್ಳಬೇಡಿ.

5. ಹಚ್ಚುವ ಔಷಧಿ

ಡಾಕ್ಟರ್ ಹೆಚ್ಚಾಗಿ ಕೊಡುವುದು ಎರಡು. ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅಡಾಪಲೀನ್ ರಂಧ್ರ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಬೆಂಜಾಯಿಲ್ 2.5 ಶೇಕಡಾ ಸಾಕು, ಜಾಸ್ತಿ ಶೇಕಡಾದಲ್ಲಿ ಉರಿ ಜಾಸ್ತಿ. ಅಡಾಪಲೀನ್ ರಾತ್ರಿ, ಒಣಗಿದ ಮುಖಕ್ಕೆ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಮೊದಲ ಎರಡು ವಾರ ದಿನ ಬಿಟ್ಟು ದಿನ. ಮೊಡವೆಯ ತುದಿಗೆ ಮಾತ್ರ ಚುಕ್ಕಿ ಇಡುವುದು ಎಲ್ಲರೂ ಮಾಡುವ ತಪ್ಪು. ನಾಳೆ ಏಳಬೇಕಾದ ಮೊಡವೆ ಪಕ್ಕದ ಚರ್ಮದಲ್ಲಿ ಈಗಾಗಲೇ ತಯಾರಾಗುತ್ತಿರುತ್ತದೆ.

ಮೊದಲ ಕೆಲವು ವಾರ ಮುಖ ಒಣಗುತ್ತದೆ, ಸ್ವಲ್ಪ ಜಾಸ್ತಿಯೂ ಆಗಬಹುದು. ಜನ ಔಷಧಿ ಬಿಡುವುದು ಆಗಲೇ. ಫಲ ಕಾಣಲು 8ರಿಂದ 12 ವಾರ ಬೇಕು.

ಬೆನ್ನಿಗೆ ಬೆಂಜಾಯಿಲ್ ವಾಶ್ ಸುಲಭ. ಸ್ನಾನದ ಹೊತ್ತು ಹಚ್ಚಿ ಎರಡು ಮೂರು ನಿಮಿಷ ಬಿಟ್ಟು ತೊಳೆಯಿರಿ. ಬಣ್ಣದ ಟವೆಲ್, ಜಿಮ್ಮಿನ ಟೀಶರ್ಟ್, ದಿಂಬಿನ ಕವರು ಬಿಳಿ ಕಲೆ ಬೀಳುತ್ತವೆ. ಬಿಳಿ ಟವೆಲ್ ಇಟ್ಟುಕೊಳ್ಳಿ.

ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಅಡಾಪಲೀನ್ ಬೇಡ. ಅಜೆಲಾಯಿಕ್ ಆಸಿಡ್ ಕೇಳಿ, ಅದು ಕಪ್ಪು ಕಲೆಗೂ ಒಳ್ಳೆಯದು.

ನಿಂಬೆರಸ, ಟೂತ್‌ಪೇಸ್ಟ್, ಅಡುಗೆ ಸೋಡಾ ದಯವಿಟ್ಟು ಬೇಡ. ಕಡಲೆಹಿಟ್ಟಿನಿಂದ ಮೈ ತೊಳೆದರೆ ತಪ್ಪೇನಿಲ್ಲ, ಆದರೆ ಹಾರ್ಮೋನಿನ ಗಂಟು ಅದಕ್ಕೆ ಜಗ್ಗುವುದಿಲ್ಲ. ಬೋರ್ ನೀರಿನಿಂದಲೇ ಮೊಡವೆ ಬಂತು ಅಂತ ವೈಟ್‌ಫೀಲ್ಡ್ ಕಡೆಯವರು ಹೇಳುತ್ತಿರುತ್ತಾರೆ. ಗಡಸು ನೀರಿನಲ್ಲಿ ಸೋಪು ಸರಿಯಾಗಿ ಹೋಗದೆ ಚರ್ಮ ಬಿರಿಯುವುದು ನಿಜ, ಗಂಟು ಮೊಡವೆ ತರುವ ಶಕ್ತಿ ಅದಕ್ಕಿಲ್ಲ. ಸೋಪಿನ ಬದಲು ಮೆದುವಾದ ಕ್ಲೆನ್ಸರ್ ಬಳಸಿ. ದಿನಕ್ಕೆ ಎರಡು ಸಲ ಸಾಕು, ಜಿಮ್ಮಿಂದ ಬಂದ ಮೇಲೆ ಇನ್ನೊಂದು ಸಲ.

6. ನುಂಗುವ ಔಷಧಿ: ನಿಜವಾದ ಕೆಲಸ ಇಲ್ಲಿದೆ

ಸ್ಟೀರಾಯ್ಡಿನ ಗಂಟು ಮೊಡವೆ ಬರೀ ಮುಲಾಮಿಗೆ ಬಗ್ಗುವುದು ಕಷ್ಟ. ಇವೆಲ್ಲ ಚೀಟಿ ಇದ್ದರೆ ಮಾತ್ರ ಕೊಡುವ ಔಷಧಿಗಳು. ಗೆಳತಿಯ ಪಟ್ಟಿಯಿಂದ ಎರಡು ಹರಿದುಕೊಂಡು ತರುವುದಲ್ಲ.

ಡಾಕ್ಸಿಸೈಕ್ಲಿನ್ ಆಂಟಿಬಯಾಟಿಕ್. ಊತ, ಕೀವು ಇಳಿಸಲು ಮೂರು ತಿಂಗಳ ಆಸುಪಾಸು ಕೊಡುತ್ತಾರೆ, ಜೊತೆಗೆ ಬೆಂಜಾಯಿಲ್ ಇರಲೇಬೇಕು. ಬರೀ ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಪಳಗಿಬಿಡುತ್ತದೆ. ತುಂಬಿದ ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ, ಇಲ್ಲದಿದ್ದರೆ ಅನ್ನನಾಳ ಸುಟ್ಟ ಹಾಗೆ ಆಗುತ್ತದೆ. ಗರ್ಭಿಣಿಯರಿಗೆ ಬೇಡ.

ಸ್ಪೈರೊನೊಲ್ಯಾಕ್ಟೋನ್ ಮೂಲತಃ ಬಿಪಿಗೆ, ನೀರು ಇಳಿಸಲು ಬಳಸುವ ಮಾತ್ರೆ. ಗಂಡು ಹಾರ್ಮೋನ್ ಕೂರುವ ಜಾಗವನ್ನು ತಾನು ಹಿಡಿದುಕೊಳ್ಳುವುದರಿಂದ ಹೆಂಗಸರ ಮೊಡವೆಗೂ ಕೊಡುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 50ರಿಂದ 100 ಮಿಲಿಗ್ರಾಂ. ಮೂರು ತಿಂಗಳು ಕಾಯಬೇಕು. ಮೂತ್ರ ಜಾಸ್ತಿ, ಎದ್ದಾಗ ತಲೆ ಸುತ್ತು, ಮುಟ್ಟು ಏರುಪೇರು ಆಗಬಹುದು. ಇದು ಮೈಯಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಕಿಡ್ನಿ ಸರಿ ಇರುವ ಚಿಕ್ಕ ವಯಸ್ಸಿನವರಿಗೆ ಅದರಿಂದ ತೊಂದರೆ ಅಪರೂಪ. ಆದರೂ ದಿನಾ ಎರಡು ಮೂರು ಎಳನೀರು, ಪೊಟ್ಯಾಸಿಯಂ ಬೆರೆಸಿದ ‘ಲೋ ಸೋಡಿಯಂ’ ಉಪ್ಪು, ಎಲೆಕ್ಟ್ರೊಲೈಟ್ ಪುಡಿ, ಕೆಲವು ಬಿಪಿ ಮಾತ್ರೆ ಇದ್ದರೆ ಡಾಕ್ಟರಿಗೆ ಗೊತ್ತಿರಲಿ. ಗರ್ಭದ ಗಂಡುಮಗುವಿನ ಬೆಳವಣಿಗೆಗೆ ಅಡ್ಡಿ ಮಾಡುವುದರಿಂದ ಗರ್ಭ ತಡೆಯುವ ಉಪಾಯ ಜೊತೆಗೇ ಬೇಕು.

ಅದಕ್ಕೇ ಇದರ ಜೊತೆ ಗರ್ಭನಿರೋಧಕ ಮಾತ್ರೆ ಕೊಡುವುದುಂಟು. ಅದು ತಾನಾಗಿಯೂ ಮೊಡವೆ ಇಳಿಸುತ್ತದೆ, ಮುಟ್ಟನ್ನೂ ಸಾಲಿಗೆ ತರುತ್ತದೆ. ಆದರೆ ಎಲ್ಲರಿಗೂ ಅಲ್ಲ. ಬಿಪಿ ಜಾಸ್ತಿ ಇರುವವರು, ಕಣ್ಣಿಗೆ ಮಿಂಚು ಹೊಡೆದು ಬರುವ ಮೈಗ್ರೇನ್ ಇರುವವರು, ಮನೆಯಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು, 35 ದಾಟಿ ಸಿಗರೇಟ್ ಸೇದುವವರು ಮೊದಲೇ ಹೇಳಬೇಕು. ಸ್ಟೀರಾಯ್ಡ್ ನಿಮ್ಮ ಬಿಪಿ, ಕೊಲೆಸ್ಟರಾಲ್ ಕೆಡಿಸಿರಬಹುದು ಅನ್ನೋದು ಇಲ್ಲಿ ನೆನಪಾಗಬೇಕು.

ಐಸೊಟ್ರೆಟಿನಾಯಿನ್ ಎಲ್ಲಕ್ಕಿಂತ ಬಲವಾದದ್ದು. ಎಣ್ಣೆ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಕೋರ್ಸಿನ ಲೆಕ್ಕ ತೂಕದ ಮೇಲೆ: ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ 0.5ರಿಂದ 1 ಮಿಲಿಗ್ರಾಂ, ಒಟ್ಟು ಕಿಲೋಗೆ 120ರಿಂದ 150. ಅಂದರೆ 60 ಕಿಲೋ ಇರುವವರು ದಿನಕ್ಕೆ 30 ಮಿಲಿಗ್ರಾಂ ತಗೊಂಡರೆ ಎಂಟರಿಂದ ಹತ್ತು ತಿಂಗಳು. ಉಗ್ರ ಮೊಡವೆಗೆ ಮೊದಲ ದಿನವೇ ದೊಡ್ಡ ಡೋಸ್ ಕೊಟ್ಟರೆ ಸಿಡಿದೇಳುವ ಭಯ ಇರುವುದರಿಂದ ಡಾಕ್ಟರ್ ಸಣ್ಣದರಿಂದ ಶುರು ಮಾಡುತ್ತಾರೆ. “ಇಷ್ಟು ಕಮ್ಮಿ ಯಾಕೆ” ಅಂತ ಸ್ವಂತವಾಗಿ ಏರಿಸಬೇಡಿ. ಜಿಡ್ಡಿನ ಜೊತೆ ಚೆನ್ನಾಗಿ ಹೀರಿಕೊಳ್ಳುತ್ತದೆ, ಊಟದ ಜೊತೆ ನುಂಗಿ. ತುಪ್ಪ ಹಾಕಿದ ದೋಸೆಗೆ ಡಾಕ್ಟರ್ ಒಪ್ಪಿಗೆ ಸಿಗುವ ಅಪರೂಪದ ಚಿಕಿತ್ಸೆ ಇದು.

ಈಗ ಕಟ್ಟುನಿಟ್ಟಿನ ಮಾತುಗಳು. ಈ ಔಷಧಿ ಮೈಯಲ್ಲಿರುವಾಗ ಗರ್ಭ ನಿಂತರೆ ಮಗುವಿಗೆ ಭಾರಿ ಅಂಗದೋಷ ಆಗಬಹುದು. ಶುರುವಿಗೆ ಒಂದು ತಿಂಗಳು ಮುಂಚಿನಿಂದ, ಮುಗಿದ ಮೇಲೆ ಒಂದು ತಿಂಗಳವರೆಗೆ ಗರ್ಭ ತಡೆ ಬೇಕೇ ಬೇಕು. ಅಷ್ಟೇ ದಿನ ರಕ್ತದಾನವೂ ಇಲ್ಲ. ಡಾಕ್ಸಿಸೈಕ್ಲಿನ್ ಜೊತೆ ಸೇರಿಸಿದರೆ ತಲೆಯೊಳಗಿನ ಒತ್ತಡ ಏರಬಹುದು. ಹಳೇ ಚೀಟಿಯ ಮಾತ್ರೆ ಉಳಿದಿದ್ದರೆ ಪಕ್ಕಕ್ಕಿಡಿ. ವಿಟಮಿನ್ ಎ ಇರುವ ಟಾನಿಕ್ ಬೇಡ. ಲಿವರ್, ಕೊಲೆಸ್ಟರಾಲ್ ಪರೀಕ್ಷೆ ಮಧ್ಯೆ ಮಧ್ಯೆ ಮಾಡಿಸಬೇಕು. ಸ್ಟೀರಾಯ್ಡ್ ಮಾತ್ರೆ ಅದೇ ಲಿವರನ್ನು, ಅದೇ ಕೊಲೆಸ್ಟರಾಲನ್ನು ಹಿಂಸಿಸುತ್ತದೆ. ಕದ್ದು ಸೈಕಲ್ ಮುಂದುವರಿಸುತ್ತಾ ಮೇಲಿಂದ ಐಸೊಟ್ರೆಟಿನಾಯಿನ್ ನುಂಗುವ ಬುದ್ಧಿವಂತಿಕೆ ಮಾತ್ರ ಬೇಡ.

ತುಟಿ ಬಿರಿಯುವುದು ಗ್ಯಾರಂಟಿ, ಅದರಲ್ಲೂ ಜನವರಿ, ಫೆಬ್ರವರಿಯ ಒಣ ಗಾಳಿಯಲ್ಲಿ. ವ್ಯಾಸಲೀನ್ ಜೇಬಿನಲ್ಲಿರಲಿ. ವ್ಯಾಕ್ಸಿಂಗ್ ಮಾಡಿಸಿದರೆ ಚರ್ಮವೇ ಕಿತ್ತು ಬರುತ್ತದೆ. ಭಾರ ಎತ್ತುವವರಿಗೆ ಮೈಕೈ ನೋವು ಜಾಸ್ತಿಯಾಗಬಹುದು, ಆಗ ತೂಕ ಇಳಿಸಿ. ಮನಸ್ಸು ಮಂಕಾದರೆ ಮುಂದಿನ ತಾರೀಖಿನವರೆಗೆ ಕಾಯದೆ ಹೇಳಿ.

ಇನ್ನೊಂದು: ನಾಲ್ಕು ದಿನದಲ್ಲಿ ಮದುವೆ, ಕೆನ್ನೆ ಮೇಲೆ ಒಂದೇ ಒಂದು ದೊಡ್ಡ ಗಂಟು ಅಂದಾಗ ಡಾಕ್ಟರ್ ಅದರೊಳಗೆ ಟ್ರಯಾಮ್ಸಿನೊಲೋನ್ ಚುಚ್ಚಬಹುದು. ಹೌದು, ಅದೂ ಸ್ಟೀರಾಯ್ಡೇ, ಮೊದಲು ಹೇಳಿದೆನಲ್ಲ, ಎರಡನೇ ಜಾತಿಯದು. ಹೆದರಬೇಡಿ. ಮನೆಯಲ್ಲಿ ಹಿಸುಕುವುದಕ್ಕಿಂತ ಸಾವಿರ ಪಾಲು ಮೇಲು.

7. ಕಲೆ ಮತ್ತು ಗುಂಡಿ

ಹೊಸ ಮೊಡವೆ ನಿಲ್ಲುವ ಮುಂಚೆ ಕಲೆಗೆ ದುಡ್ಡು ಸುರಿಯಬೇಡಿ. ಕಪ್ಪು ಕಲೆ ತಿಂಗಳುಗಳಲ್ಲಿ ತಾನಾಗಿಯೇ ಮಾಸುತ್ತದೆ, ಬಿಸಿಲು ತಾಗದಿದ್ದರೆ. ಬೆಂಗಳೂರಿನ ಹವೆ ತಂಪು ಅಂತ ನಾವು ಮೋಸ ಹೋಗುತ್ತೇವೆ. ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಬಿಸಿಲಿನ ಕಿರಣ ಸುಡದೆಯೇ ಕೆಲಸ ಮಾಡುತ್ತದೆ. ಎಸ್‌ಪಿಎಫ್ 30ಕ್ಕೆ ಮೇಲಿನ ಸನ್‌ಸ್ಕ್ರೀನ್, ಎರಡು ಬೆರಳುದ್ದ, ಮೋಡ ಇದ್ದ ದಿನವೂ. ಸ್ಕೂಟರಿನವರು ಹೆಲ್ಮೆಟ್ಟಿನ ಗದ್ದದ ಪಟ್ಟಿಯನ್ನು ವಾರಕ್ಕೊಮ್ಮೆ ಒಗೆಯಿರಿ, ಅಲ್ಲಿ ಉಜ್ಜಿ ಉಜ್ಜಿಯೇ ಗುಳ್ಳೆ ಏಳುತ್ತದೆ.

ಗುಂಡಿಗಳಿಗೆ ಸೂಜಿ ರೋಲರ್, ಪೀಲಿಂಗ್, ಲೇಸರ್ ಇವೆ. ನಮ್ಮ ಬಣ್ಣದ ಚರ್ಮದಲ್ಲಿ ಲೇಸರ್ ಜೋರಾದರೆ ಕಪ್ಪು ಕಲೆ ಉಳಿಯುತ್ತದೆ. ಐಸೊಟ್ರೆಟಿನಾಯಿನ್ ತಗೊಂಡಿದ್ದರೆ ಯಾವುದನ್ನು ಯಾವಾಗ ಮಾಡಬೇಕು ಅನ್ನೋದು ಆ ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಕೇಳಿ. ಪಾರ್ಲರ್ ಇದಕ್ಕೆ ಜಾಗವಲ್ಲ.

ಸ್ಪರ್ಧೆಗೆ ಇಳಿಯುವವರು ಗಮನಿಸಿ

ಅಥ್ಲೆಟಿಕ್ಸ್, ವೇಟ್‌ಲಿಫ್ಟಿಂಗ್, ಹೀಗೆ ಡೋಪಿಂಗ್ ಪರೀಕ್ಷೆ ಇರುವ ಕ್ರೀಡೆಯಲ್ಲಿದ್ದರೆ ಇದು ನಿಮಗೆ. ಸ್ಪೈರೊನೊಲ್ಯಾಕ್ಟೋನ್ ಮೂತ್ರ ಹೆಚ್ಚಿಸುವ ಔಷಧಿಯಾದ್ದರಿಂದ ವಿಶ್ವ ಡೋಪಿಂಗ್ ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ. ಸ್ಟೀರಾಯ್ಡ್ ಬಿಟ್ಟು, ಪ್ರಾಮಾಣಿಕವಾಗಿ ಮೊಡವೆಗೆ ಮಾತ್ರೆ ತಗೊಂಡು, ಆ ಮಾತ್ರೆಯಿಂದಲೇ ಸಿಕ್ಕಿಬೀಳುವ ಸಾಧ್ಯತೆ ಇದೆ. ನ್ಯಾಂಡ್ರೊಲೋನ್ ಇಂಜೆಕ್ಷನ್ನಿನ ಗುರುತು ಮೂತ್ರದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಅನ್ನೋದೂ ಗೊತ್ತಿರಲಿ. ಚೀಟಿ ಬರೆಯುವ ಮುಂಚೆಯೇ “ನಾನು ಆಟಗಾರ್ತಿ, ಡೋಪ್ ಟೆಸ್ಟ್ ಇರುತ್ತದೆ” ಅಂತ ಡಾಕ್ಟರಿಗೆ ಹೇಳಿ. ಬರೆದ ಮೇಲೆ ಅಂಗಡಿಗೆ ಬಂದು ನಮಗೂ ಹೇಳಿ.